ಕಾಸರಗೋಡಿನಲ್ಲಿ ವಸಂತ ಎಲ್ಲುಂಟು? (ಮಕ್ಕಳ ಪ್ರಕೃತಿ ಪುಸ್ತಕದ ಬಗ್ಗೆ ಒಂದು ಪ್ರಶ್ನೆ)

ನೀರ್ಚಾಲಿನವಳು | ಮಾರ್ಚ್ 31, ರಾತ್ರಿ 9:50

ಎಲ್ಲರಿಗೂ ನಮಸ್ಕಾರ. ಮಗಳ ಮೂರನೇ ಕ್ಲಾಸಿನ ಪರೀಕ್ಷೆ ಮುಗಿಯಿತು, ಮಗ ಯುಕೆಜಿ. ಇನ್ನು ಶಾಲೆ ಶುರುವಾಗುವುದು ಜೂನಿನಲ್ಲಿ. ಮೊಬೈಲಿನಿಂದ ಸ್ವಲ್ಪ ದೂರ ಇರಲಿ ಅಂತ ಇನ್ನೂರು ಪುಟದ, ಗೆರೆ ಇಲ್ಲದ ಒಂದು ಪುಸ್ತಕ ತಂದು, ಮೇಲೆ "ವಸಂತ" ಅಂತ ಬರೆದು ಕೊಟ್ಟೆ. ಅಂಗಳದಲ್ಲಿ, ತೋಟದಲ್ಲಿ ಕಂಡದ್ದನ್ನು ದಿನಾ ಬರೆಯುವುದು, ಚಿತ್ರ ಮಾಡುವುದು, ಅಷ್ಟೇ ಕೆಲಸ.

ಮೊದಲ ದಿನ ಹದಿನಾಲ್ಕು ಸಾಲು ಬಂತು, ಎರಡನೇ ದಿನ ಆರು. ಮೂರನೇ ದಿನ "ನಿನ್ನೆಯ ಹಾಗೆಯೇ". ಆಮೇಲೆ ಪುಸ್ತಕ ತಲೆದಿಂಬಿನ ಅಡಿ ಸೇರಿತು. ನಿನ್ನೆ ಕೇಳುತ್ತಾಳೆ, "ಅಮ್ಮಾ, ವಸಂತ ಯಾವಾಗ ಬರುವುದು? ಇದು ಸೆಕೆಗಾಲ ಅಲ್ವಾ?" ನನ್ನಲ್ಲಿ ಉತ್ತರ ಇರಲಿಲ್ಲ. ಪಾಠದಲ್ಲಿ ಚೈತ್ರ ವೈಶಾಖಕ್ಕೆ ಗಿಡಮರ ಚಿಗುರಿ ಹೂ ಬಿಡುತ್ತದೆ. ನಮ್ಮಲ್ಲಿ ಮಾವಿನ ಹೂ ಡಿಸೆಂಬರಿನಲ್ಲೇ ಕಂಡಿದ್ದೆವು, ಗೇರುಬೀಜ ಹೆಕ್ಕಿ ಮುಗಿಯುತ್ತಾ ಬಂತು.

ಇನ್ನೊಂದು ಕಷ್ಟ ಹೆಸರಿನದ್ದು. ನಾನು ಮಕ್ಕಳೊಟ್ಟಿಗೆ ಕನ್ನಡ, ಅತ್ತೆ ತುಳು, ಆಚೆಮನೆಯವರು ಮಲಯಾಳ. ಮೊನ್ನೆ ಮಗಳು ಬರೆದಿದ್ದಳು: "ಇವತ್ತು ಬಾವಿಕಟ್ಟೆ ಹತ್ತಿರ ಕಕ್ಕೆ ಕಂಡಿತು." ಬಿಸು ಹಬ್ಬಕ್ಕೆ (ನಮ್ಮ ಸೌರ ಯುಗಾದಿ) ಎರಡು ವಾರ ಇರುವಾಗಲೇ ಕಕ್ಕೆ ಮರದ ಹಳದಿ ಹೂ ಬಂತಾ ಅಂತ ನಾನು ಓಡಿಹೋಗಿ ಮೇಲೆಲ್ಲ ನೋಡಿದೆ. ಅವಳು ಕಂಡದ್ದು ಕಾಗೆ! ಅತ್ತೆಯ ತುಳುವಿನಲ್ಲಿ ಕಾಗೆಗೆ ಕಕ್ಕೆ ಅಂತಲೇ ಹೇಳುವುದು. ಇಂಥದ್ದನ್ನು ತಿದ್ದಬೇಕಾ, ಹಾಗೇ ಬಿಡಬೇಕಾ?

ನಿಮ್ಮ ಮನೆಗಳಲ್ಲಿ ಹೇಗೆ ಮಾಡ್ತೀರಿ, ಹೇಳಿ.

ಪದವಿನ ಮಾಷ್ಟ್ರು | ಮಾರ್ಚ್ 31, ರಾತ್ರಿ 10:35

ತಂಗೀ, ಇನ್ನೂರು ಪುಟ ಕೊಟ್ಟದ್ದೇ ಹೆಚ್ಚಾಯಿತು. ಮಕ್ಕಳಿಗೆ ಪುಟ ಕಂಡರೆ ತುಂಬಿಸಬೇಕು ಅಂತ ಹೆದರಿಕೆ. "ಕಂಡದ್ದೆಲ್ಲ ಬರೆ" ಅಂದರೆ ನಮಗೂ ಮೂರನೇ ದಿನಕ್ಕೆ ಬೇಸರ ಬರುತ್ತದೆ.

ಒಂದು ಮರ ಸಾಕು. ಒಂದೇ ಮರ, ವಾರಕ್ಕೆ ಒಂದೇ ದಿನ. ನಾನು ಶಾಲೆಯಲ್ಲಿರುವಾಗ ಮಕ್ಕಳೊಟ್ಟಿಗೆ ಸೀಸನ್‌ವಾಚ್ ಮಾಡಿಸುತ್ತಿದ್ದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನವರು ನಡೆಸುವ ಕೆಲಸ ಅದು, ಕೇರಳದ ತುಂಬಾ ಶಾಲೆಗಳು ಅದರಲ್ಲಿ ಸೇರಿಕೊಂಡಿದ್ದಾವೆ. ಅದರ ಕ್ರಮ ಬಹಳ ಸುಲಭ. ಎಲೆಯಲ್ಲಿ ಚಿಗುರು, ಬಲಿತದ್ದು, ಒಣಗಿದ್ದು. ಹೂವಿನಲ್ಲಿ ಮೊಗ್ಗು, ಅರಳಿದ್ದು. ಆಮೇಲೆ ಕಾಯಿ, ಹಣ್ಣು. ಒಂದೊಂದರ ಎದುರು ಮೂರರಲ್ಲಿ ಒಂದು ಮಾತು: ಇಲ್ಲ, ಸ್ವಲ್ಪ, ತುಂಬ. ಎರಡು ನಿಮಿಷದ ಕೆಲಸ. ಬರೆಯಲಿಕ್ಕೆ ಬಾರದ ಸಣ್ಣವನೂ ಸೊನ್ನೆ, ಒಂದು ಗೆರೆ, ಎರಡು ಗೆರೆ ಹಾಕಬಹುದು.

ಇದರಲ್ಲಿ "ಇಲ್ಲ" ಅಂತ ಬರೆಯುವುದನ್ನು ಮಾತ್ರ ಬಿಡಬೇಡಿ. ಎಲ್ಲರೂ ಹೂ ಬಿಟ್ಟ ದಿನ ಬರೆಯುತ್ತಾರೆ. ಹಿಂದಿನ ವಾರ ಹೂ ಇರಲಿಲ್ಲ ಅಂತ ಬರೆದಿರದಿದ್ದರೆ ಅದು ಹೂ ಬಿಟ್ಟ ದಿನವಾ, ನೀವು ತಲೆ ಎತ್ತಿದ ದಿನವಾ ಅಂತ ಗೊತ್ತಾಗುವುದು ಹೇಗೆ?

ವಸಂತದ ವಿಚಾರ. ನಮ್ಮಲ್ಲಿ ವಸಂತ ಇಲ್ಲದ್ದಲ್ಲ, ಒಂದೊಂದು ಮರಕ್ಕೆ ಒಂದೊಂದು ಹೊತ್ತು. ಬೂರುಗ, ಹಾಲಿವಾಣ ಎಲೆಯೆಲ್ಲ ಉದುರಿಸಿ ಬೋಳು ಕೊಂಬೆಯಲ್ಲಿ ಕೆಂಪು ಹೂ ಬಿಡುವುದು ಫೆಬ್ರವರಿಯ ಸುಮಾರಿಗೆ. ಗುಡ್ಡೆಯ ಹಲವು ಮರಗಳು ಸೆಕೆ ಏರುವಾಗಲೇ ಚಿಗುರುತ್ತವೆ. ನೀರಿಲ್ಲದ ಕಾಲದಲ್ಲಿ ಇದೆಂಥ ಹುಚ್ಚು ಅಂತ ಕಾಣಬಹುದು. ಆಳದ ಬೇರಿಗೆ ನೀರು ಸಿಗುತ್ತದೆ, ಮಳೆ ಬೀಳುವಾಗ ಎಲೆ ಬಲಿತು ತಯಾರಾಗಿರುತ್ತದೆ. ನನ್ನ ಮನೆ ಇರುವ ಮುರಕಲ್ಲಿನ ಪದವಿಗೆ (ಜಂಬಿಟ್ಟಿಗೆಯ ಎತ್ತರದ ಬಯಲು) ಈಗ ಬನ್ನಿ, ಕಾಲು ಸುಡುತ್ತದೆ, ಹುಲ್ಲು ಪೂರ ಬೂದಿ ಬಣ್ಣ. ಅದೇ ಪದವಿನಲ್ಲಿ ಆಟಿ, ಸೋಣ ತಿಂಗಳಲ್ಲಿ (ಜುಲೈ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ) ನೀಲಿ, ಬಿಳಿ ಸಣ್ಣ ಹೂಗಳು ಹಾಸಿದ ಹಾಗೆ ಬರುತ್ತವೆ. ಪದವಿಗೆ ವಸಂತ ಬರುವುದು ಆಗ. ಮಗಳು ಕೇಳಿದ್ದು ಸರಿಯಾದ ಪ್ರಶ್ನೆಯೇ.

ಪುಸ್ತಕದ ಮೇಲಿನ ಆ ಹೆಸರನ್ನು ಹೊಡೆದುಹಾಕಿ, ಮರದ ಹೆಸರು ಬರೆಯಿರಿ.

ಗುಡ್ಡೆ ಭಾವ | ಏಪ್ರಿಲ್ 1, ಬೆಳಿಗ್ಗೆ 6:20

ಎಂಥ ಮಾರಾಯ್ರೆ, ರಜೆಯಲ್ಲಿಯೂ ಮಕ್ಕಳಿಗೆ ಪುಸ್ತಕವಾ? ನಾವೆಲ್ಲ ಬರೆದು ಕಲಿತದ್ದಾ? ಗೇರುಹಣ್ಣು ತಿಂದು ಅಂಗಿಗೆ ಕಲೆ ಮಾಡಿ, ಬೀಜದ ಸೊನೆ ತಾಗಿ ತುಟಿ ಸುಟ್ಟು, ಚಗಳಿ ಇರುವೆಯ ಗೂಡಿಗೆ ಕೈ ಹಾಕಿ ಕಲಿತದ್ದು. ಕುಂಟಾಲ ಎಲ್ಲಿ ಹಣ್ಣಾಗಿದೆ, ಯಾರ ಜಾಗೆಯ ಕಾಟುಮಾವು ಸಿಹಿ ಅಂತ ಯಾವ ಪಟ್ಟಿಯೂ ಇರಲಿಲ್ಲ. ಮಕ್ಕಳನ್ನು ಗುಡ್ಡೆಗೆ ಬಿಡಿ. ತಾನಾಗಿ ಬರ್ತದೆ.

ನೀರ್ಚಾಲಿನವಳು | ಏಪ್ರಿಲ್ 1, ಬೆಳಿಗ್ಗೆ 8:05

ಭಾವ, ಬಿಡುವುದು ಹೇಗೆ? ನೀವು ಹೋದ ಗುಡ್ಡೆಯಲ್ಲಿ ಈಗ ರಬ್ಬರು. ಉಳಿದದ್ದಕ್ಕೆ ಬೇಲಿ. ತರಗೆಲೆ ರಾಶಿಯಲ್ಲಿ ಹಾವಿದ್ದರೆ ಅಂತ ಅತ್ತೆಗೆ ಪ್ರಾಣ ಹೋಗುತ್ತದೆ. ನಮಗೆ ಇರುವುದು ಅಂಗಳ, ಬಾವಿಕಟ್ಟೆ ಮತ್ತು ತೋಟದ ಬದಿ.

ಮಾಷ್ಟ್ರೇ, ಹೆಸರು ಹೊಡೆದುಹಾಕಿದೆ. ಮಗಳು ಆರಿಸಿದ್ದು ಬಾವಿಕಟ್ಟೆಯ ಕಕ್ಕೆ ಮರ (ಹೂವಿನದ್ದು!). ತಮ್ಮನಿಗೆ ಬೇರೆಯೇ ಮರ ಆಗಬೇಕಂತೆ, ಅವನದ್ದು ಹಲಸು.

ಕುಂಬಳೆಯ ಹಕ್ಕಿಪ್ರಿಯ | ಏಪ್ರಿಲ್ 1, ಮಧ್ಯಾಹ್ನ 1:15

ಅಕ್ಕ, ಮರದ ಜೊತೆ ಒಂದು ಸ್ವರ ಕೂಡ ಇಟ್ಟುಕೊಳ್ಳಿ. ಹಕ್ಕಿ ನೋಡಲಿಕ್ಕೆ ಮಕ್ಕಳಿಗೆ ತಾಳ್ಮೆ ಸಾಲದು, ಕೇಳುವುದು ಸುಲಭ. ಮಲಗಿದಲ್ಲಿಂದಲೇ ಆಗುತ್ತದೆ.

ಕೋಗಿಲೆ ಹೇಗೂ ಈಗ ಬೆಳಗಾಗುವ ಮೊದಲೇ ಶುರು ಮಾಡುತ್ತದಲ್ಲ. ಕೂಗುವುದು ಗಂಡು, ಮೈಯೆಲ್ಲ ಕಪ್ಪು, ಕಣ್ಣು ಕೆಂಪು. ಹೆಣ್ಣಿನ ಮೈ ಕಂದು, ಮೇಲೆಲ್ಲ ಬಿಳಿ ಚುಕ್ಕೆ. ಅದರದ್ದು ಹಾಡಲ್ಲ, ಕಿಕ್ ಕಿಕ್ ಕಿಕ್ ಅಂತ ಗಡಿಬಿಡಿಯ ಕೂಗು. ಎರಡೂ ಒಂದೇ ಹಕ್ಕಿ ಅಂತ ನನಗೆ ಗೊತ್ತಾದದ್ದು ಇಪ್ಪತ್ತೆರಡನೇ ವಯಸ್ಸಿನಲ್ಲಿ, ನಾಚಿಕೆ! ಕಾಗೆ ಕಡ್ಡಿ ಸಾಗಿಸುವುದು ಕಂಡರೆ ದಿನ ಬರೆದಿಡಿ. ಕೋಗಿಲೆ ಮೊಟ್ಟೆ ಇಡುವುದು ಅದರ ಗೂಡಿನಲ್ಲಿ, ಹಾಗಾಗಿ ಇಬ್ಬರ ಲೆಕ್ಕವೂ ಒಟ್ಟಿಗೇ ನಡೆಯುತ್ತದೆ.

ಆದರೆ ನಿಜವಾದ ಮಜಾ ಇರುವುದು ನವರಂಗದಲ್ಲಿ. ನಿಮ್ಮ ತೋಟದಲ್ಲಿ ಇರಲೇಬೇಕು. ಮೈನಾದಷ್ಟು ದೊಡ್ಡದು, ಬಾಲ ಮೋಟು, ನೆಲದಲ್ಲಿ ತರಗೆಲೆ ಮಗುಚುತ್ತಾ ಹುಳ ಹುಡುಕುತ್ತದೆ. ಮುಂಜಾನೆ ಮತ್ತು ಮುಸ್ಸಂಜೆ ಎರಡು ಸ್ವರದ ಸಿಳ್ಳೆ. ತಮಿಳಿನಲ್ಲಿ ಇದಕ್ಕೆ ಆರುಮಣಿ ಕುರುವಿ ಅನ್ನುತ್ತಾರೆ, ಆರು ಗಂಟೆಯ ಹಕ್ಕಿ. ಇದು ನಮ್ಮ ಊರಿಗೆ ಚಳಿಗಾಲದ ನೆಂಟ. ಮರಿ ಮಾಡಲಿಕ್ಕೆ ಹಿಮಾಲಯದ ತಪ್ಪಲು, ಮಧ್ಯ ಭಾರತದ ಕಡೆ ಹೋಗುತ್ತದೆ. ಅಂದರೆ ಇನ್ನು ಸ್ವಲ್ಪ ದಿನದಲ್ಲಿ ಹೊರಡುತ್ತದೆ.

ಮಾಷ್ಟ್ರು ಹೇಳಿದ "ಇಲ್ಲ" ಇಲ್ಲಿಯೂ ಬೇಕು. ಬಂದ ದಿನ ಬರೆಯುವುದು ಸುಲಭ, ಹೋದ ದಿನ ಕಷ್ಟ. ಕೊನೆಯ ಸಲ ಕೇಳುವಾಗ ಅದು ಕೊನೆಯದ್ದು ಅಂತ ಯಾರಿಗೂ ಗೊತ್ತಿರುವುದಿಲ್ಲ. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಕೇಳಿದರೆ ಸರಿ ಗುರುತು, ಕೇಳದಿದ್ದರೆ ಸೊನ್ನೆ. ಸಾಲಾಗಿ ಸೊನ್ನೆ ಬಂದಾಗ ಹಿಂದೆ ನೋಡಿ, ಕೊನೆಯ ಸರಿ ಗುರುತು ಎಲ್ಲಿ ಅಂತ. ನಾನು ಕಿದೂರು ಕಡೆ ಹಕ್ಕಿ ನೋಡಲಿಕ್ಕೆ ಹೋಗುವವ, ದುರ್ಬೀನು, ಕ್ಯಾಮೆರಾ ಎಲ್ಲ ಉಂಟು. ಆದರೂ ನನ್ನ ಅತ್ಯಂತ ಒಳ್ಳೆಯ ದಾಖಲೆ ಅಂದರೆ ಅಡುಗೆಮನೆಯ ಕ್ಯಾಲೆಂಡರಿನ ಈ ಸೊನ್ನೆಗಳೇ.

ಕ್ವಾರ್ಟರ್ಸ್ ಅಪ್ಪ | ಏಪ್ರಿಲ್ 2, ರಾತ್ರಿ 11:10

ಅಂಗಳವೇ ಇಲ್ಲದವರ ಪರವಾಗಿ ಒಂದು ಮಾತು. ನಾವು ಕಾಸರಗೋಡು ಪೇಟೆಯಲ್ಲಿ ಬಾಡಿಗೆ ಕ್ವಾರ್ಟರ್ಸು, ಎರಡನೇ ಮಾಳಿಗೆ. ನಮ್ಮ ಕಾಡು ಅಂದರೆ ಬಾಲ್ಕನಿಯ ಎರಡು ಚಟ್ಟಿ, ಒಂದರಲ್ಲಿ ತುಳಸಿ, ಒಂದರಲ್ಲಿ ಬೇವಿನ ಸೊಪ್ಪಿನ (ಕರಿಬೇವು) ಗಿಡ.

ಹೋದ ವರ್ಷ ಇದೇ ಹೊತ್ತಿಗೆ ಒಗ್ಗರಣೆಗೆ ಎಲೆ ಕೀಳಲಿಕ್ಕೆ ಹೋದ ಹೆಂಡತಿ, "ಇದರ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ" ಅಂತ ಎಲೆ ಬಿಸಾಡಲು ಹೊರಟಳು. ಮಗ ನೋಡುತ್ತಾ ನಿಂತವ, "ಅಪ್ಪಾ, ಹಿಕ್ಕೆ ನಡೀತಾ ಉಂಟು!" ಅಂದ. ಚಿಟ್ಟೆಯ ಹುಳ. ಕಾಮನ್ ಮಾರ್ಮನ್ ಅಂತ ಹೆಸರಿನ, ಕರಿಬೇವು ಮತ್ತು ನಿಂಬೆ ಗಿಡದಲ್ಲಿ ಮೊಟ್ಟೆ ಇಡುವ ಕಪ್ಪು ಚಿಟ್ಟೆ. ಸಣ್ಣದಿರುವಾಗ ತಿನ್ನುವವರ ಕಣ್ಣು ತಪ್ಪಿಸಲು ಹಿಕ್ಕೆಯ ವೇಷ. ದೊಡ್ಡದಾದಾಗ ಒಂದು ದಿನ ಚರ್ಮ ಕಳಚಿ ಇದ್ದಕ್ಕಿದ್ದ ಹಾಗೆ ಹಸಿರಾಯಿತು, ಮಗ ಅದು ಬೇರೆ ಹುಳ ಅಂತ ವಾದ ಮಾಡಿದ. ಕಡ್ಡಿಯಿಂದ ಮೆಲ್ಲ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲು ನಾಲಿಗೆಯ ಹಾಗೆ ಎಂಥದೋ ಹೊರಗೆ ಹಾಕುತ್ತದೆ, ಗಬ್ಬು ವಾಸನೆ. ಅವನು ಅದನ್ನು ಹತ್ತು ಸಲ ಮಾಡಿಸಿದ, ಆಮೇಲೆ ನಾನು ನಿಲ್ಲಿಸಿದೆ.

ದಿನಾ ಸಂಜೆ ಸ್ಕೇಲು ಹಿಡಿದು ಅಳತೆ. ಅವನಿಗೆ ಮಿಲಿಮೀಟರು ಅರ್ಥವಾದದ್ದು ಆ ಹುಳದಿಂದ, ಶಾಲೆಯಿಂದ ಅಲ್ಲ. ಹುಳ ಗಿಡದ ಕಾಂಡಕ್ಕೆ ನೂಲಿನ ಪಟ್ಟಿ ಕಟ್ಟಿ ಒರಗಿ ಕೋಶವಾಯಿತು. ಅವನು ದಿನ ಎಣಿಸುತ್ತಾ ಕೂತ. ಹನ್ನೊಂದನೇ ದಿನ ಕೋಶ ಕಪ್ಪಾಗಿ, ಬದಿಯಲ್ಲಿ ಒಂದು ತೂತು. ಅದರಿಂದ ಚಿಟ್ಟೆ ಅಲ್ಲ, ಸಣ್ಣ ಸಣ್ಣ ಕಣಜಗಳು ಹೊರಗೆ ಬಂದವು. ಕಣಜ ಮೊದಲೇ ಒಳಗೆ ಮೊಟ್ಟೆ ಇಟ್ಟಿತ್ತು, ಅದರ ಮರಿಗಳು ಒಳಗಿಂದ ತಿಂದು ಬೆಳೆದದ್ದು. ನಾನು ವಿವರಿಸಿದ್ದು ಅವನ ಕಿವಿಗೆ ಹೋಗಲಿಲ್ಲ. ಎರಡು ದಿನ ಬಾಲ್ಕನಿಗೆ ಬರಲಿಲ್ಲ.

ಆಮೇಲೆ ಪುಸ್ತಕ ತೆರೆದು ನೋಡಿದರೆ ಆ ದಿನದ ಪುಟದಲ್ಲಿ ಬರೆದಿದ್ದ: "ಚಿಟ್ಟೆ 0. ಕಣಜ 23." ಎಣಿಸಿದ್ದಾನೆ! ಅತ್ತುಕೊಂಡೇ ಎಣಿಸಿದ್ದು.

ಈ ವರ್ಷ ಇನ್ನೂ ಮೊಟ್ಟೆ ಕಂಡಿಲ್ಲ. ಬೇವಿನ ಸೊಪ್ಪು ಅಂಗಡಿಯಿಂದ ತರುತ್ತಿದ್ದೇವೆ, ಗಿಡ ಮುಟ್ಟಲು ಬಿಡುವುದಿಲ್ಲ ಅವನು.

ಮುಳ್ಳೇರಿಯ ಟೀಚರ್ | ಏಪ್ರಿಲ್ 3, ಬೆಳಿಗ್ಗೆ 10:00

23 ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹೆಸರಿನ ಬಗ್ಗೆ: ದಯವಿಟ್ಟು ತಿದ್ದಬೇಡಿ, ಸೇರಿಸಿ. ನಮ್ಮ ಕ್ಲಾಸಿನಲ್ಲಿ ಕನ್ನಡ, ತುಳು, ಮಲಯಾಳ, ಮರಾಟಿ, ಕೊಂಕಣಿ ಎಲ್ಲ ಮನೆಯ ಮಕ್ಕಳೂ ಇದ್ದಾರೆ. ಚಿತ್ರದ ಕೆಳಗೆ ಹೆಸರಿಗೆ ಜಾಗ ಬಿಟ್ಟು, ಯಾರ ಮನೆಯಲ್ಲಿ ಹೇಗೆ ಹೇಳುತ್ತಾರೋ ಅದನ್ನೆಲ್ಲ ಕನ್ನಡ ಅಕ್ಷರದಲ್ಲಿ ಬರೆಸುತ್ತೇನೆ. ಕಕ್ಕೆ, ಕೊಂದೆ, ಕಣಿಕ್ಕೊನ್ನ, ಮೂರೂ ಅದೇ ಹಳದಿ ಗೊಂಚಲು. ಅಜ್ಜಿಯ ಹತ್ತಿರ ಕೇಳಿಕೊಂಡು ಬರುವ ಕೆಲಸ ಕೊಟ್ಟರೆ ಅಜ್ಜಿಯೂ ಅಂಗಳಕ್ಕೆ ಇಳಿಯುತ್ತಾರೆ, ನನಗೆ ಬೇಕಾದದ್ದೂ ಅದೇ.

ಇನ್ನು ನಮ್ಮ ಜಿಲ್ಲೆಯ ಮರವನ್ನು ಮಕ್ಕಳಿಗೆ ತೋರಿಸಿ. ಕಾಸರಗೋಡು ಅನ್ನುವ ಹೆಸರೇ ಕಾಸರಕ ಮರದಿಂದ ಬಂತು ಅಂತ ಒಂದು ವಾದ ಉಂಟು. 2023ರಲ್ಲಿ ಜಿಲ್ಲಾ ಪಂಚಾಯತಿನವರು ಅದನ್ನೇ ಜಿಲ್ಲೆಯ ಮರ ಅಂತ ಘೋಷಿಸಿದರು. ಬಿಳಿಹೊಟ್ಟೆಯ ಕಡಲ ಹದ್ದು ಜಿಲ್ಲೆಯ ಹಕ್ಕಿ, ಪೆರಿಯ ಪೊಲತ್ತಾಳಿ ಹೂ, ಚಂದ್ರಗಿರಿ ಹೊಳೆಯಲ್ಲಿರುವ ಮೆತ್ತನೆ ಚಿಪ್ಪಿನ ದೊಡ್ಡ ಆಮೆ ಪ್ರಾಣಿ. ಕಾಸರಕದ ಎಲೆಯಲ್ಲಿ ಬುಡದಿಂದ ತುದಿಗೆ ಉದ್ದಕ್ಕೆ ನರಗಳು ಎದ್ದು ಕಾಣುತ್ತವೆ, ಮಕ್ಕಳು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಕಾಗದ ಇಟ್ಟು ಮೇಲಿಂದ ಪೆನ್ಸಿಲು ಉಜ್ಜಿಸಿ, ಚೆಂದ ಅಚ್ಚು ಬರುತ್ತದೆ. ಆದರೆ ಹಣ್ಣು ಮುಟ್ಟಲು ಬಿಡಬೇಡಿ. ಕಿತ್ತಳೆಯ ಹಾಗೆ ಉರುಟಾಗಿ ಬಣ್ಣವೂ ಆಸೆ ಹುಟ್ಟಿಸುವಂಥದ್ದು, ಬೀಜ ಕಡು ವಿಷ. ಬಾಯಿಗೆ ಹಾಕುವ ವಯಸ್ಸಿನ ಮಗು ಇದ್ದರೆ ಎಲೆ ನೀವೇ ತಂದುಕೊಡಿ.

ಟೆಕ್ ಮಾಮ | ಏಪ್ರಿಲ್ 3, ಸಂಜೆ 4:30

ಇಷ್ಟೆಲ್ಲ ಯಾಕೆ? ಫೋನಿನಲ್ಲಿ ಗೂಗಲ್ ಲೆನ್ಸ್ ಹಿಡಿದರೆ ಗಿಡದ ಹೆಸರು, ಮರ್ಲಿನ್ ಆ್ಯಪ್ ಹಾಕಿದರೆ ಹಕ್ಕಿ ಸ್ವರದ ಹೆಸರು. ದಿನಾಂಕ, ಜಾಗ ಎಲ್ಲ ಫೋಟೋದಲ್ಲೇ ಇರುತ್ತದೆ.

ಕುಂಬಳೆಯ ಹಕ್ಕಿಪ್ರಿಯ | ಏಪ್ರಿಲ್ 3, ಸಂಜೆ 5:05

ಮಾಮ, ನಾನೂ ಮರ್ಲಿನ್ ಬಳಸುತ್ತೇನೆ, ದೂರುವುದಿಲ್ಲ. ಆದರೆ ನನ್ನ ಅಕ್ಕನ ಮಗಳೊಟ್ಟಿಗೆ ಆದದ್ದು ಹೇಳುತ್ತೇನೆ. ಆ್ಯಪ್ ಇಲ್ಲದ ದಿನ ಅವಳು ಗುಟುರ ಹಕ್ಕಿಯ ಸ್ವರಕ್ಕೆ "ಕುಟ್ರೂ ಕುಟ್ರೂ, ಮೊದಲು ಮೆಲ್ಲ, ಆಮೇಲೆ ನಿಲ್ಲುವುದೇ ಇಲ್ಲ, ಇನ್ನೊಂದು ಮರದಿಂದ ಇನ್ನೊಂದು ಉತ್ತರ ಕೊಡ್ತದೆ" ಅಂತ ಬರೆದಿದ್ದಳು. ಆ್ಯಪ್ ಕೊಟ್ಟ ದಿನ ಬರೆದದ್ದು ಬರೀ ಹೆಸರು. ಮೊದಲು ಮಗು ಹೇಳಲಿ, ಆಮೇಲೆ ಫೋನು ಹೇಳಲಿ. ಮತ್ತೆ ಮಕ್ಕಳ ಫೋಟೋ, ಮನೆಯ ಜಾಗ ಎಲ್ಲರಿಗೂ ಕಾಣುವ ಹಾಗೆ ಹಾಕಬೇಡಿ ಅಂತ ಒಂದು ವಿನಂತಿ.

ಬಾಯಾರಿನ ಅಜ್ಜಿ | ಏಪ್ರಿಲ್ 4, ಮಧ್ಯಾಹ್ನ 3:20

ಸೊಸೆ ಟೈಪು ಮಾಡಿಕೊಡುವುದು, ಹೇಳುವುದು ನಾನು.

ನೀವು ಮರ ಹೇಳಿದಿರಿ, ಹಕ್ಕಿ ಹೇಳಿದಿರಿ, ನೀರು ಯಾರೂ ಹೇಳಲಿಲ್ಲ. ನಮ್ಮಲ್ಲಿ ಕುಡಿಯುವ ನೀರು ಸುರಂಗದ್ದು. ಗುಡ್ಡೆಯ ಬದಿಗೆ ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದದ್ದು, ಪಂಪು ಇಲ್ಲ, ಹಗ್ಗ ಇಲ್ಲ, ದಂಬೆಯಲ್ಲಿ (ಸೀಳಿದ ಅಡಿಕೆ ಮರದ್ದು) ತಾನಾಗಿ ಇಳಿದು ಬರುತ್ತದೆ. ಸೆಕೆ ಏರಿದ ಹಾಗೆ ನೀರು ನೂಲಾಗುತ್ತದೆ. ಪುಳ್ಳಿಗೆ (ಮೊಮ್ಮಗನಿಗೆ) ನಾನು ಕೊಟ್ಟ ಕೆಲಸ ಇಷ್ಟೇ, ಭಾನುವಾರ ಬೆಳಿಗ್ಗೆ ಕೊಡಪಾನ ದಂಬೆಯ ಅಡಿಗೆ ಇಟ್ಟು, ತುಂಬುವ ತನಕ ಬಾಯಲ್ಲಿ ಎಣಿಸುವುದು. ಫೆಬ್ರವರಿಯಲ್ಲಿ 190ಕ್ಕೆ ತುಂಬಿತ್ತು. ಕಳೆದ ಭಾನುವಾರ 340. ಅವನ ಎಣಿಕೆ ಗಡಿಯಾರಕ್ಕಿಂತ ಜೋರು, ಹಸಿವಾದರೆ ಇನ್ನೂ ಜೋರು, ಆದರೂ ಏರಿದ್ದು ಗೊತ್ತಾಗುತ್ತದಲ್ಲ. ಗೋಡೆಯಲ್ಲಿ ಮಸಿಯಿಂದ ಬರೆದಿದ್ದಾನೆ. ಸುಣ್ಣ ಬಳಿಯುವಾಗ ಅಷ್ಟು ಜಾಗ ಬಿಡಬೇಕಂತೆ.

ಇನ್ನೊಂದು. ಹಲಸಿನಲ್ಲಿ ಗುಜ್ಜೆ (ಎಳೆ ಹಲಸು) ಉದುರಿತು ಅಂತ ಆ ಸಣ್ಣ ಮಗು ಅಳುವುದು ಬೇಡ. ಸಪೂರ ಇರುವುದು ಗಂಡು, ಹುಡಿ ಉದುರಿಸಿ, ಕಪ್ಪು ಬೂಸಲು ಹಿಡಿದು ಬೀಳುವುದೇ ಅದರ ಕ್ರಮ. ಕಾಯಾಗುವುದು ಹೆಣ್ಣು ಮಾತ್ರ.

ಹೊಸದುರ್ಗದ ಸೊಸೆ | ಏಪ್ರಿಲ್ 5, ರಾತ್ರಿ 8:45

ನಾನು ಕನ್ನಡದ ಮನೆಯಿಂದ ಮಲಯಾಳದ ಮನೆಗೆ ಬಂದವಳು. ಇಲ್ಲಿ ಮೀನ ತಿಂಗಳಲ್ಲಿ (ಮಾರ್ಚ್-ಏಪ್ರಿಲ್) ಪೂರಂ ಹಬ್ಬ. ಒಂಬತ್ತು ದಿನ ಹೆಣ್ಣುಮಕ್ಕಳು ಹೂ ತಂದು ಕಾಮದೇವನಿಗೆ ಇಡುತ್ತಾರೆ, ಕೊನೆಯ ದಿನ ಹೂವಿನಿಂದಲೇ ಕಾಮನ ರೂಪ ಮಾಡಿ ಕಳುಹಿಸಿಕೊಡುತ್ತಾರೆ. ಮುರಿಕ್ಕು (ಮಾಷ್ಟ್ರು ಹೇಳಿದ ಹಾಲಿವಾಣವೇ), ಚೆಂಬಕ, ಹೀಗೆ ಊರಿನಲ್ಲಿ ಆಗ ಅರಳಿದ್ದೇ ಆಗಬೇಕು. ಈ ಸಲ ಮಗಳು ಯಾವ ಹೂ ಯಾರ ಮನೆಯಿಂದ ಬಂತು ಅಂತ ಒಂದು ಚೀಟಿಯಲ್ಲಿ ಬರೆದಿಟ್ಟಳು. ಅತ್ತೆ ಅದನ್ನು ನೋಡಿ, ತನ್ನ ಸಣ್ಣದಿರುವಾಗಿನ ಹೂಗಳಲ್ಲಿ ಮೂರು ಈಗ ನಮ್ಮ ಓಣಿಯಲ್ಲಿ ಇಲ್ಲ ಅಂದರು. ಮಗಳು ಆ ಮೂರನ್ನೂ ಬರೆದು ಎದುರಿಗೆ ಸೊನ್ನೆ ಹಾಕಿದಳು.

ಎಣ್ಮಕಜೆಯವ | ಏಪ್ರಿಲ್ 5, ರಾತ್ರಿ 10:30

ಗುಡ್ಡೆ ಭಾವನಿಗೆ: ಬರೆಯುವುದು ಯಾಕೆ ಅಂತ ಕೇಳಿದಿರಿ. ನಮ್ಮ ಊರಿನ ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಡುತ್ತಿದ್ದದ್ದು ನಿಮಗೂ ಗೊತ್ತು. ನಮ್ಮ ಅಪ್ಪನ ಹತ್ತಿರ ಜೇನು ಪೆಟ್ಟಿಗೆಗಳು ಇದ್ದವು. ಅವು ಖಾಲಿಯಾದದ್ದು ಯಾವಾಗ ಅಂತ ಅಮ್ಮನಲ್ಲಿ ಕೇಳಿದರೆ, "ನಿನ್ನ ತಮ್ಮ ಹುಟ್ಟಿದ ವರ್ಷವೋ ಅದರ ಮರುವರ್ಷವೋ" ಅನ್ನುತ್ತಾರೆ. ಮನೆಯಲ್ಲಿ ಅಡಿಕೆ ಮಾರಿದ ಲೆಕ್ಕ ನಲುವತ್ತು ವರ್ಷದ್ದು ಉಂಟು. ಜೇನಿನದ್ದು ಒಂದು ಸಾಲು ಇಲ್ಲ.

ಗುಡ್ಡೆ ಭಾವ | ಏಪ್ರಿಲ್ 6, ಬೆಳಿಗ್ಗೆ 6:15

ಸರಿ ಮಾರಾಯ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ನೀರ್ಚಾಲಿನ ತಂಗಿ, ಪುನರ್ಪುಳಿ (ಕೋಕಂ) ಹಣ್ಣಾಗುವಾಗ ಮಕ್ಕಳನ್ನು ಕರೆದುಕೊಂಡು ಬನ್ನಿ. ನಮ್ಮ ತೋಟದ ಕರೆಯಲ್ಲಿ ನಾಲ್ಕು ಮರ ಉಂಟು, ಹಾವು ನೋಡಲಿಕ್ಕೆ ನಾನು ಮುಂದೆ ಹೋಗುತ್ತೇನೆ. ಪುಸ್ತಕ ತಂದರೂ ಅಡ್ಡಿ ಇಲ್ಲ. ಬಾಯಿಗೆ ಹುಳಿ ಹತ್ತಿದ್ದನ್ನು ಹೇಗೆ ಬರೆಯುತ್ತಾರೆ ಅಂತ ನೋಡುವ.

ನೀರ್ಚಾಲಿನವಳು | ಏಪ್ರಿಲ್ 19, ರಾತ್ರಿ 9:30

ತಡವಾಯ್ತು, ಬಿಸು, ನೆಂಟರು ಅಂತ. ಏನಾಯ್ತು ಹೇಳುತ್ತೇನೆ.

ಇನ್ನೂರು ಪುಟದ್ದನ್ನು ಒಳಗಿಟ್ಟು, ಹಳೆಯ ನೋಟ್ಸಿನ ಉಳಿದ ಹಾಳೆಗಳನ್ನು ಹೊಲಿದು ಸಣ್ಣ ಪುಸ್ತಕ ಮಾಡಿದೆ. ಶನಿವಾರ ಮರದ ದಿನ. ಸಂಜೆ ಕ್ಯಾಲೆಂಡರಿಗೆ ಗುರುತು ಹಾಕುವುದು ಮಗ. ನವರಂಗ 11ರ ತನಕ ಸರಿ ಗುರುತು, 12, 13 ಸೊನ್ನೆ, 14ಕ್ಕೆ ಮತ್ತೆ ಸಿಳ್ಳೆ! ಬಿಸು ಕಣಿ (ಹಬ್ಬದ ಬೆಳಿಗ್ಗೆ ಮೊದಲು ನೋಡುವ ಮಂಗಳ ನೋಟ) ನೋಡಲಿಕ್ಕೆ ಬಂತು ಅಂತ ಅತ್ತೆ. 15ರಿಂದ ಸೊನ್ನೆಯೇ. ಅವನು ಈಗಲೂ ದೀಪದ ಹೊತ್ತಿಗೆ ಜಗಲಿಯಲ್ಲಿ ಕಿವಿಗೆ ಕೈ ಇಟ್ಟು ನಿಲ್ಲುತ್ತಾನೆ, ಯಾರೂ ಮಾತಾಡಬಾರದು, ಮಿಕ್ಸಿ ಹಾಕಬಾರದು.

ಕಕ್ಕೆ ಮರ ಮೋಸ ಮಾಡಿತು. 4ನೇ ತಾರೀಕಿಗೆ "ಮೊಗ್ಗು ತುಂಬ", 11ಕ್ಕೆ "ಹೂ ತುಂಬ", ಆದರೆ 13ರ ರಾತ್ರಿ ಗಾಳಿ ಮಳೆ. ಬಿಸುವಿನ ಬೆಳಿಗ್ಗೆ ಗೊಂಚಲೆಲ್ಲ ಬಾವಿಕಟ್ಟೆಯ ಕೆಸರಿನಲ್ಲಿ, ಕಣಿಗೆ ಆಚೆಮನೆಯಿಂದ ಕೇಳಿ ತಂದೆವು. ಮಗಳ ಶನಿವಾರದ ಪುಟ ಇಲ್ಲಿ ಹಾಗೇ ಬರೆಯುತ್ತೇನೆ, ಅವಳ ಒಪ್ಪಿಗೆ ಉಂಟು:

"ಚಿಗುರು ಸ್ವಲ್ಪ. ಮೊಗ್ಗು ಇಲ್ಲ. ಹೂ ಸ್ವಲ್ಪ, ಎಣಿಸಿದೆ, 9. ಕಾಯಿ ಇಲ್ಲ, ಹಳೆಯ ಕೋಲುಕಾಯಿ 2. ಮಳೆಯಲ್ಲಿ ರೆಕ್ಕೆ ಹುಳ ಬಂದು ಲೈಟು ಪೂರ ಮುಚ್ಚಿತು. ಇವತ್ತು ಕಕ್ಕೆಯಲ್ಲಿ ಕಕ್ಕೆ ಕೂತಿತ್ತು."

ಕುಂಬಳೆಯ ಹಕ್ಕಿಪ್ರಿಯ | ಏಪ್ರಿಲ್ 19, ರಾತ್ರಿ 9:41

ಅಕ್ಕ, ಆ ಕಾಗೆಯ ಬಾಯಲ್ಲಿ ಕಡ್ಡಿ ಇತ್ತಾ?

ನೀರ್ಚಾಲಿನವಳು | ಏಪ್ರಿಲ್ 19, ರಾತ್ರಿ 9:44

ಮಲಗಿದ್ದಾಳೆ. ಬೆಳಿಗ್ಗೆ ಕೇಳಿ ಹೇಳ್ತೇನೆ.